ಹಿಕ್ಕೆಯ ಜಾಡು ಹಿಡಿದು

1911ರ ಜೂನ್ ಕೊನೆಯಲ್ಲಿ, ಅಂಟಾರ್ಕ್ಟಿಕದಲ್ಲಿ ಸೂರ್ಯನೇ ಹುಟ್ಟದ ದಿನಗಳಲ್ಲಿ, ಕ್ಯಾಪ್ಟನ್ ಸ್ಕಾಟ್‌ನ ತಂಡದ ಮೂವರು ಜಾರುಬಂಡಿ ಎಳೆದುಕೊಂಡು ಕೇಪ್ ಕ್ರೋಜಿಯರ್ ಕಡೆ ಹೊರಟರು. ಎಡ್ವರ್ಡ್ ವಿಲ್ಸನ್, ಹೆನ್ರಿ ಬವರ್ಸ್, ಆಪ್ಸ್ಲಿ ಚೆರಿ-ಗ್ಯಾರಾರ್ಡ್. ಅವರಿಗೆ ಬೇಕಾಗಿದ್ದದ್ದು ಎಂಪರರ್ ಪೆಂಗ್ವಿನ್‌ನ ಮೊಟ್ಟೆ. ದಾರಿ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಹೋಗಿಬರಲು ಐದು ವಾರ ಹಿಡಿಯಿತು. ಚಳಿ ಮೈನಸ್ 60 ಡಿಗ್ರಿಗೆ ಇಳಿದಿತ್ತು. ಗುಡಾರ ಬಿರುಗಾಳಿಗೆ ಹಾರಿಹೋಗಿ, ಪುಣ್ಯಕ್ಕೆ ಮತ್ತೆ ಸಿಕ್ಕಿತು. ಉಳಿದು ಬಂದದ್ದು ಮೂರು ಮೊಟ್ಟೆ. ಮರುವರ್ಷ ವಿಲ್ಸನ್, ಬವರ್ಸ್ ಇಬ್ಬರೂ ಸ್ಕಾಟ್‌ನ ಜೊತೆ ದಕ್ಷಿಣ ಧ್ರುವದಿಂದ ಮರಳುವಾಗ ತೀರಿಕೊಂಡರು. ಮೊಟ್ಟೆಗಳನ್ನು ಲಂಡನ್ನಿನ ಮ್ಯೂಸಿಯಮ್ಮಿಗೆ ತಲುಪಿಸುವ ಕೆಲಸ ಚೆರಿ-ಗ್ಯಾರಾರ್ಡ್‌ಗೆ ಉಳಿಯಿತು.

ಹಕ್ಕಿ ನೋಡುವುದೆಂದರೆ ಹಕ್ಕಿ ಇರುವಲ್ಲಿಗೆ ಹೋಗುವುದು ಎಂಬ ಮಾತಿಗೆ ಇದಕ್ಕಿಂತ ಕಠಿಣವಾದ ಉದಾಹರಣೆ ನನಗೆ ಗೊತ್ತಿಲ್ಲ.

ಈ ಮಾತು ಸಡಿಲವಾದದ್ದು ಲ್ಯಾಂಡ್‌ಸ್ಯಾಟ್ ಉಪಗ್ರಹಗಳಿಂದ. ಮೊದಲನೆಯದು ಹಾರಿದ್ದು 1972ರಲ್ಲಿ. ಅಡೆಲಿ ಪೆಂಗ್ವಿನ್‌ಗಳ ನೆಲೆಗಳನ್ನು ಅದರ ಚಿತ್ರಗಳಲ್ಲಿ ಗುರುತಿಸಬಹುದೆಂದು ಮ್ಯಾಥ್ಯೂ ಶ್ವಾಲರ್ ಮತ್ತು ಸಂಗಡಿಗರು 1984ರಲ್ಲೇ ಬರೆದಿದ್ದರು. ಆದರೆ ಚಿತ್ರಗಳು ದುಬಾರಿ. 2008ರಲ್ಲಿ ಅಮೆರಿಕ ಆ ಸಂಗ್ರಹವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು.

ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕೆ ನೆಲದ ಮೇಲೆ ಸುಮಾರು 30 ಮೀಟರ್ ಅಗಲ. ಮೀಟರಿಗಿಂತ ಸ್ವಲ್ಪ ಎತ್ತರದ ಹಕ್ಕಿ ಅದರಲ್ಲಿ ಕಾಣುವುದಾದರೂ ಹೇಗೆ? ಕಾಣುವುದಿಲ್ಲ. ಕಾಣುವುದು ಹಿಕ್ಕೆ. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ನಕಾಶೆಗಾರ ಪೀಟರ್ ಫ್ರೆಟ್‌ವೆಲ್‌ಗೆ ಹ್ಯಾಲಿ ಕೇಂದ್ರದ ಬಳಿಯ ಚಿತ್ರದಲ್ಲಿ ಬಿಳಿ ಮಂಜಿನ ಮೇಲೆ ಕೆಂಗಂದು ಕಲೆಯೊಂದು ಕಂಡಿತು. ಎಂಪರರ್ ಗೂಡು ಕಟ್ಟುವುದಿಲ್ಲ. ಗಂಡು ತನ್ನ ಪಾದಗಳ ಮೇಲೆ ಮೊಟ್ಟೆಯಿಟ್ಟುಕೊಂಡು ಸಮುದ್ರದ ಮಂಜಿನ ಮೇಲೆಯೇ ನಿಲ್ಲುತ್ತದೆ. ಸಾವಿರಾರು ಹಕ್ಕಿಗಳು ತಿಂಗಳುಗಟ್ಟಲೆ ಒಂದೆಡೆ ಇದ್ದರೆ ಮಂಜು ಗಲೀಜಾಗದೆ ಇರುತ್ತದೆಯೇ! ಸಮುದ್ರದ ಮಂಜಿನ ಮೇಲೆ ಆ ಬಣ್ಣದ ಬೇರೇನೂ ಇರುವುದಿಲ್ಲ. ಫ್ರೆಟ್‌ವೆಲ್ ಮತ್ತು ಫಿಲ್ ಟ್ರಾಥನ್ ಇಡೀ ಕರಾವಳಿಯನ್ನು ಹೀಗೆ ಜಾಲಾಡಿ 2009ರಲ್ಲಿ 38 ನೆಲೆಗಳನ್ನು ಪಟ್ಟಿಮಾಡಿದರು. ಅವುಗಳಲ್ಲಿ 10 ಹೊಸವು. 2012ರಲ್ಲಿ ಇನ್ನೂ ಸೂಕ್ಷ್ಮವಾದ ಚಿತ್ರಗಳಿಂದ 46 ನೆಲೆ, ಸುಮಾರು 5,95,000 ಹಕ್ಕಿಗಳೆಂಬ ಲೆಕ್ಕ ಬಂತು. ಹಿಂದಿನ ಅಂದಾಜಿನ ಹತ್ತಿರ ಹತ್ತಿರ ಎರಡರಷ್ಟು.

ಅಡೆಲಿಗಳ ಕಥೆಯೂ ಸ್ವಾರಸ್ಯದ್ದು. 1842ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್, ಮಂಜುಗಡ್ಡೆಗಳ ನಡುವೆ ಅಡಗಿ ಹಡಗು ಹತ್ತಿರ ಬರುವವರೆಗೂ ಕಾಣದಿದ್ದ ಕೆಲವು ದ್ವೀಪಗಳಿಗೆ ಡೇಂಜರ್ ಐಲೆಂಡ್ಸ್ ಎಂದು ಹೆಸರಿಟ್ಟ. ಅವು ಹಡಗಿನಿಂದ ಅಡಗಿದಷ್ಟು ಆಕಾಶದಿಂದ ಅಡಗಲಾರವು. ಅಲ್ಲಿನ ಹಿಕ್ಕೆಯ ಕಲೆಗಳನ್ನು ಶ್ವಾಲರ್ ಮತ್ತು ಹೆದರ್ ಲಿಂಚ್ ಉಪಗ್ರಹದ ಚಿತ್ರಗಳಲ್ಲಿ ಕಂಡರು. 2015ರ ಡಿಸೆಂಬರಿನಲ್ಲಿ ತಂಡವೊಂದು ಅಲ್ಲಿಗೆ ಹೋಗಿ, ಡ್ರೋನ್ ಹಾರಿಸಿ, ಕೈಯಿಂದಲೂ ಎಣಿಸಿತು: 7,51,527 ಜೋಡಿ. ಕೊನೆಗೆ ಯಾರಾದರೂ ಹೋಗಲೇಬೇಕಾಯಿತು ಎನ್ನುವುದು ನನಗೆ ಒಂದು ಬಗೆಯ ಸಮಾಧಾನ. ಅಲ್ಲದೆ, ವಿಲ್ಸನ್ ನೋಡಲು ಹೋದದ್ದನ್ನು, ಅಂದರೆ ಧ್ರುವರಾತ್ರಿಯಲ್ಲಿ ಕಾವಿಗೆ ನಿಂತ ಹಕ್ಕಿಯನ್ನು, ಇಂಥ ಚಿತ್ರಗಳು ಇಂದಿಗೂ ತೋರಿಸಲಾರವು. ಅವುಗಳಿಗೆ ಬಿಸಿಲು ಬೇಕು.

ಬಿಸಿಲು ಬಂದಾಗ ಕಾಣುವುದು ಯಾವಾಗಲೂ ಒಳ್ಳೆಯ ಸುದ್ದಿಯಲ್ಲ. ಹ್ಯಾಲಿ ಬೇ ಜಗತ್ತಿನ ಎರಡನೆಯ ದೊಡ್ಡ ಎಂಪರರ್ ನೆಲೆಯಾಗಿತ್ತು. 2016ರಲ್ಲಿ ಮರಿಗಳಿಗೆ ನೀರಿಗಿಳಿಯುವ ಗರಿ ಬರುವ ಮೊದಲೇ ಮಂಜು ಒಡೆಯಿತು. ಮುಂದಿನ ಎರಡು ವರ್ಷವೂ ಅಲ್ಲಿ ಮರಿಗಳು ಬೆಳೆದದ್ದು ಇಲ್ಲವೆನ್ನುವಷ್ಟು ಕಡಿಮೆ. 2022ರಲ್ಲಿ ಬೆಲ್ಲಿಂಗ್ಸ್‌ಹೌಸನ್ ಸಮುದ್ರದ ಐದು ನೆಲೆಗಳಲ್ಲಿ ನಾಲ್ಕರ ಮರಿಗಳು ಹೀಗೆಯೇ ಹೋದವು. ಇವೆಲ್ಲ ಗೊತ್ತಾದದ್ದು ಕಲೆಯಿದ್ದ ಜಾಗದಲ್ಲಿ ಕಲೆ ಇಲ್ಲದ್ದರಿಂದ, ಮಂಜಿದ್ದ ಕಡೆ ಕಪ್ಪು ನೀರು ಕಂಡದ್ದರಿಂದ.

ಹ್ಯಾಲಿ ಬೇ ಬರಿದಾದ ಅದೇ ವರ್ಷಗಳಲ್ಲಿ ದಕ್ಷಿಣಕ್ಕಿರುವ ಡಾಸನ್-ಲ್ಯಾಂಬ್ಟನ್ ಎಂಬಲ್ಲಿನ ಪುಟ್ಟ ಕಲೆ ಹತ್ತು ಪಟ್ಟಿಗೂ ಮೀರಿ ಹಿಗ್ಗಿತು. ಹಳೆಯ ಹಕ್ಕಿಗಳಲ್ಲಿ ಹಲವು ಅಲ್ಲಿಗೆ ಹೋಗಿದ್ದವು.