ಕ್ಯಾಮೆರಾಕ್ಕಿಂತ ಮೊದಲು ಬಂದ ಬೂಟು: ನಡಿಗೆ ಮಾಪನದ ಚರಿತ್ರೆಯ ಮರುಪರಿಶೀಲನೆ

ನಡಿಗೆಯ ವೈಜ್ಞಾನಿಕ ಅಧ್ಯಯನದ ಚರಿತ್ರೆಯನ್ನು 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ತೆಗೆದ ಕುದುರೆಯ ಚಿತ್ರಗಳಿಂದ ಆರಂಭಿಸಿ, ಮೈಗೆ ಕಟ್ಟುವ ಸೆನ್ಸರುಗಳನ್ನು ಕೊನೆಯ ಅಧ್ಯಾಯವಾಗಿ ಸೇರಿಸುವುದು ವಾಡಿಕೆ. ಈ ಕ್ರಮ ತಲೆಕೆಳಗಾಗಿದೆ. ಪ್ಯಾರಿಸ್ಸಿನ ಶರೀರಶಾಸ್ತ್ರಜ್ಞ ಎಟಿಯೆನ್ ಜೂಲ್ ಮಾರೇ ಮತ್ತು ಅವರ ಶಿಷ್ಯ ಕಾರ್ಲೆ 1870ರ ದಶಕದ ಆರಂಭದಲ್ಲೇ ಅಟ್ಟೆಯೊಳಗೆ ಗಾಳಿಗೂಡಿದ್ದ ಬೂಟು ಬಳಸಿದ್ದರು. ಪಾದ ಊರಿದಾಗ ಗಾಳಿ ರಬ್ಬರ್ ಕೊಳವೆಯಲ್ಲಿ ನುಗ್ಗಿ ತೆಳುಪೊರೆಯೊಂದನ್ನು ಉಬ್ಬಿಸುತ್ತಿತ್ತು. ಪೊರೆಗೆ ತಗುಲಿದ ಕಡ್ಡಿ, ಮಸಿ ಹಿಡಿಸಿದ ಉರುಳೆಯ ಮೇಲೆ ಗೆರೆ ಎಳೆಯುತ್ತಿತ್ತು. ಮಾರೇ 1873ರಲ್ಲಿ ಪ್ರಕಟಿಸಿದ ಪುಸ್ತಕದ ಚಿತ್ರವೊಂದರಲ್ಲಿ ಓಟಗಾರ ಆ ದಾಖಲೆಯಂತ್ರವನ್ನು ಕೈಯಲ್ಲೇ ಹಿಡಿದು ಓಡುತ್ತಿದ್ದಾನೆ. ಯಾವ ಕಾಲು ಎಷ್ಟು ಹೊತ್ತು ನೆಲದ ಮೇಲಿತ್ತು ಎಂಬುದು ಆ ಗೆರೆಗಳಿಂದ ತಿಳಿಯುತ್ತಿತ್ತು. ಪಾರ್ಶ್ವವಾಯುವಾದವರ ಚೇತರಿಕೆಯನ್ನು ಅಳೆಯುವವರು ಇಂದಿಗೂ ಮೊದಲು ನೋಡುವ ಸಂಗತಿಗಳಲ್ಲಿ ಇದೊಂದು.

ಮಾರೇ ಅವರೇ 1882ರ ಹೊತ್ತಿಗೆ ಛಾಯಾಚಿತ್ರಕ್ಕೆ ಹೊರಳಿದರಲ್ಲ, ಹಾಗಿದ್ದರೆ ಬೂಟು ಸೋತ ಪ್ರಯೋಗವಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಸೋತದ್ದು ಭಾರವಾದ ಉಪಕರಣ, ಅದರ ಹಿಂದಿನ ಪ್ರಶ್ನೆಯಲ್ಲ. ನಡೆಯುವವನನ್ನು ಕೊಳವೆಗಳ ಕಾಟದಿಂದ ಬಿಡಿಸಿದ ಕ್ಯಾಮೆರಾ ಅವನನ್ನು ಪ್ರಯೋಗಾಲಯದೊಳಗೆ ಕೂಡಿಹಾಕಿತು. 1891ರಲ್ಲಿ ಲೈಪ್‌ಜಿಗ್‌ನ ಸಂಶೋಧಕರಾದ ಬ್ರೌನೆ ಮತ್ತು ಫಿಶರ್ ಒಬ್ಬ ಸೈನಿಕನ ಕೈಕಾಲುಗಳಿಗೆ ಬೆಳಗುವ ಗಾಜಿನ ನಳಿಗೆಗಳನ್ನು ಕಟ್ಟಿ ಕತ್ತಲಲ್ಲಿ ನಡೆಸಿ ಛಾಯಾಚಿತ್ರ ತೆಗೆದರು. ಹಾಗೆ ಸಿಂಗರಿಸುವುದಕ್ಕೇ ಹಲವು ಗಂಟೆ. ನಡೆದದ್ದು ಕೆಲವೇ ಹೆಜ್ಜೆ. ಅಂಕಿಗಳೇನೋ ಅದ್ಭುತ, ಆದರೆ ಆ ನಡಿಗೆ ಯಾರ ದಿನನಿತ್ಯದ್ದು?

ಭಾರ ಇಳಿಸಿದ್ದು ವೈದ್ಯಕೀಯವಲ್ಲ, ಮೋಟಾರು ಉದ್ಯಮ. 1990ರ ದಶಕದಲ್ಲಿ ಕಾರಿನ ಏರ್‌ಬ್ಯಾಗಿಗಾಗಿ ತಯಾರಾದ ಸಿಲಿಕಾನ್ ವೇಗೋತ್ಕರ್ಷ ಮಾಪಕಗಳು ಅಗ್ಗವಾದವು. ಚಿಕ್ಕ ಗೈರೋಸ್ಕೋಪುಗಳೂ ಜೊತೆಗೂಡಿದವು. ಪಾದಕ್ಕೆ ಕಟ್ಟಿ ಹೆಜ್ಜೆಯನ್ನು ಅಳೆಯುವಾಗ ಇವುಗಳ ಲೆಕ್ಕದಲ್ಲಿ ಸಣ್ಣ ತಪ್ಪು ಕೂಡುತ್ತಲೇ ಹೋಗುತ್ತದೆ. ಪಾದ ನೆಲಕ್ಕೂರಿದ ಕ್ಷಣ ಅದರ ವೇಗ ಸೊನ್ನೆ ಎಂದು ಹಿಡಿದು, ಪ್ರತಿ ಹೆಜ್ಜೆಗೂ ಲೆಕ್ಕವನ್ನು ಅಲ್ಲಿಂದ ಹೊಸದಾಗಿ ಶುರುಮಾಡುವುದು ಅದಕ್ಕೆ ಕಂಡುಕೊಂಡ ಉಪಾಯ. ಬೆರಳನ್ನು ನೆಲಕ್ಕೆ ಎಳೆದುಕೊಂಡು ನಡೆಯುವ ರೋಗಿಯಲ್ಲಿ ಆ ಕ್ಷಣವೇ ಸ್ಪಷ್ಟವಿರುವುದಿಲ್ಲ. ಚಿಕಿತ್ಸೆ ಯಾರಿಗೆ ಬೇಕೋ ಅವರಲ್ಲೇ ಉಪಕರಣ ತಡವರಿಸುತ್ತದೆ. ಮಂಡಿಯ ಕೋನ ನಿಖರವಾಗಿ ಬೇಕಾದಾಗಲೂ ಕ್ಯಾಮೆರಾವೇ ಮೇಲು. ಇಷ್ಟನ್ನು ಒಪ್ಪಿದರೂ, ಮನೆಯಲ್ಲಿ, ಬೀದಿಯಲ್ಲಿ ಮನುಷ್ಯ ಹೇಗೆ ನಡೆಯುತ್ತಾನೆಂಬ ಪ್ರಶ್ನೆಗೆ ಪ್ರಯೋಗಾಲಯದ ಕ್ಯಾಮೆರಾ ಉತ್ತರ ಕೊಡಲಾರದು. ಔಷಧ ನಿಯಂತ್ರಕರೂ ಇದನ್ನು ಮನಗಂಡಿದ್ದಾರೆ. ಡುಶೆನ್ ಸ್ನಾಯುಕ್ಷಯವಿರುವ ಮಕ್ಕಳ ಔಷಧಪರೀಕ್ಷೆಗಳಲ್ಲಿ ಕಾಲಿಗೆ ಕಟ್ಟಿದ ಸೆನ್ಸರಿನಿಂದ, ಅವರ ಎಂದಿನ ಓಡಾಟದ ಅತಿ ವೇಗದ ಹೆಜ್ಜೆಗಳನ್ನು ಅಳೆಯುವ ಮಾನದಂಡವನ್ನು ಯುರೋಪಿಯನ್ ಔಷಧ ಸಂಸ್ಥೆ 2019ರಲ್ಲಿ ಪೂರಕವಾಗಿಯೂ 2023ರಲ್ಲಿ ಪ್ರಧಾನವಾಗಿಯೂ ಅಂಗೀಕರಿಸಿತು. ಅದಕ್ಕೂ ಮುಂಚೆ ಈ ಮಕ್ಕಳ ಶಕ್ತಿಯನ್ನು ಆಸ್ಪತ್ರೆಯ ಪಡಸಾಲೆಯಲ್ಲಿ ಆರು ನಿಮಿಷ ನಡೆಸಿ ಅಳೆಯುವುದೇ ರೂಢಿಯಾಗಿತ್ತು.