ಒಂದೇ ರೈಲುದಾರಿಯ ಎರಡು ಕಲ್ಲು: ಅಡುಗೆ ಕಟ್ಟೆಯ ಕಥೆ



ಹಾಡು ಕೇಳೋಕೆ ಫೋನ್ ಮಾಡುವವರು ಹಾಡಿನ ಜೊತೆಗೆ ಮನೆಯ ಸುದ್ದಿಯನ್ನೂ ಹೇಳ್ತಾರೆ. ಇತ್ತೀಚೆಗೆ ಹೆಚ್ಚಾಗಿ ಕಿವಿಗೆ ಬೀಳುತ್ತಿರುವ ಸುದ್ದಿ ಅಡುಗೆಮನೆ ರಿಪೇರಿಯದ್ದು. ಹಳೇ ಕಪ್ಪು ಕಲ್ಲು ತೆಗೆಸಬೇಕು, ಅದರ ಜಾಗಕ್ಕೆ ಏನು ಹಾಕಿಸೋದು? ಗ್ರಾನೈಟ್ ಸಾಕು ಅಂತ ಅತ್ತೆ, ಬಿಳಿ ಕ್ವಾರ್ಟ್ಜ್ ಬೇಕು ಅಂತ ಸೊಸೆ, ಯಾವುದು ಅಗ್ಗವೋ ಅದೇ ಆಗಲಿ ಅಂತ ಯಜಮಾನರು! ನಾನು ಇಂಟೀರಿಯರ್ ಡಿಸೈನರ್ ಅಲ್ಲ, ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತವನು. ಹಾಗಾಗಿ ರೇಟು ಹೇಳಲಾರೆ. ಆದರೆ ಈ ಕಟ್ಟೆ ನಮ್ಮ ಮನೆಗೆ ಬಂದ ದಾರಿಯ ಕಥೆ ಹೇಳಬಲ್ಲೆ. ಕಥೆ ಗೊತ್ತಾದರೆ ಆಯ್ಕೆಯೂ ಸ್ವಲ್ಪ ಸುಲಭವಾದೀತು.

ನಮ್ಮ ಅಜ್ಜಿಯರ ಕಾಲದ ಅಡುಗೆಮನೆಯಲ್ಲಿ ಇಂಥ ಕಟ್ಟೆಯೇ ಇರಲಿಲ್ಲ. ಒಲೆ ನೆಲದ ಮೇಲೆ, ಈಳಿಗೆಮಣೆ ನೆಲದ ಮೇಲೆ, ರುಬ್ಬುವ ಕಲ್ಲೂ ನೆಲದಲ್ಲೇ. ಹೆಚ್ಚೋದು, ಕಲಸೋದು, ಬಡಿಸೋದು ಎಲ್ಲ ಕೂತೇ ನಡೀತಿತ್ತು. ಹೆಂಗಸರನ್ನು ನೆಲದಿಂದ ಎಬ್ಬಿಸಿ ನಿಲ್ಲಿಸಿದ್ದರಲ್ಲಿ ದೊಡ್ಡ ಪಾಲು ಗ್ಯಾಸ್ ಸಿಲಿಂಡರಿನದು. 1950ರ ದಶಕದಲ್ಲಿ ಮುಂಬೈನಲ್ಲಿ ಬರ್ಮಾ ಶೆಲ್ ಕಂಪನಿ ಅಡುಗೆ ಅನಿಲ ಮಾರತೊಡಗಿತು. 1965ರಲ್ಲಿ ಕೋಲ್ಕತ್ತದಲ್ಲಿ ಇಂಡೇನ್‌ನ ಮೊದಲ ಸಂಪರ್ಕ ಬಂತು. ಸಿಲಿಂಡರ್ ನೆಟ್ಟಗೆ ನಿಲ್ಲಬೇಕು, ಸ್ಟವ್ ಅದಕ್ಕಿಂತ ಎತ್ತರದಲ್ಲಿರಬೇಕು. ಒಲೆ ಸೊಂಟದ ಮಟ್ಟಕ್ಕೆ ಏರಿತು, ಅದರ ಹಿಂದೆಯೇ ಇಡೀ ಅಡುಗೆಮನೆ ಎದ್ದು ನಿಂತಿತು. ಮುಂಬೈ, ಪುಣೆಯ ನಮ್ಮವರು ಆ ಕಟ್ಟೆಯನ್ನು ಮರಾಠಿಯವರಂತೆ ‘ಓಟಾ’ ಅಂದರು. ಬೆಂಗಳೂರಿನವರು ಪ್ಲಾಟ್‌ಫಾರ್ಮ್ ಅಂದರು, ಸ್ಲ್ಯಾಬ್ ಅಂದರು.

ಕಟ್ಟೆಯೇನೋ ಎದ್ದಿತು, ಮೇಲೆ ಹಾಸಲು ಏನು? ಇದಕ್ಕೆ ಉತ್ತರ ಅದಕ್ಕೂ ನೂರು ವರ್ಷ ಮೊದಲೇ ತಯಾರಾಗಿತ್ತು.

ಮುಂಬೈ ಕಡೆಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ, ಚೆನ್ನೈ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿ, ಎರಡೂ 1871ರಲ್ಲಿ ಒಂದು ಊರಿನಲ್ಲಿ ಕೂಡಿದವು. ಆ ಊರು ಯಾವುದು ಗೊತ್ತೇ? ನಮ್ಮ ರಾಯಚೂರು! ಈ ಒಂದೇ ದಾರಿಯಲ್ಲಿ ಕಲ್ಲಿಗೆ ಹೆಸರಾದ ಎರಡು ಊರುಗಳಿವೆ. ರಾಯಚೂರಿನ ಉತ್ತರಕ್ಕೆ ಶಹಾಬಾದ್, ದಕ್ಷಿಣಕ್ಕೆ ಆಂಧ್ರದ ಕಡಪ. 1874ರ ಹೊತ್ತಿಗೆ ವಾಡಿಯಿಂದ ಸಿಕಂದರಾಬಾದಿಗೂ ರೈಲು ಓಡಿತು. ಅಲ್ಲಿಗೆ ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ ನಾಲ್ಕೂ ಊರಿಗೆ ಕಲ್ಲು ಸಾಗಿಸುವ ದಾರಿ ತೆರೆದಂತಾಯಿತು.

ಶಹಾಬಾದ್ ಕಲ್ಲು ಬೂದು ಬಣ್ಣದ ಸುಣ್ಣದ ಕಲ್ಲು. ಇದರ ದೊಡ್ಡ ಗುಣ ಅಂದರೆ ಗಣಿಯಲ್ಲೇ ಪದರ ಪದರವಾಗಿ ಮಲಗಿರುತ್ತದೆ. ಯಂತ್ರದ ಗರಗಸ ಇಲ್ಲದ ಕಾಲದಲ್ಲೂ ಉಳಿ, ಸುತ್ತಿಗೆ, ಹಾರೆ ಹಿಡಿದು ಹಲಗೆಯಂತೆ ಎಬ್ಬಿಸಬಹುದಿತ್ತು. ಮುಂಬೈ, ಪುಣೆಯಲ್ಲಿ ‘ಶಹಾಬಾದಿ ಫರ್ಶಿ’ ಅಂದರೆ ಇವತ್ತಿಗೂ ಹಳಬರಿಗೆ ಗೊತ್ತು. ಅಂಗಳ, ಬಚ್ಚಲು, ಮೆಟ್ಟಿಲು ಎಲ್ಲದಕ್ಕೂ ಅದೇ. ಆ ಊರು ಆಗ ನಿಜಾಮರ ರಾಜ್ಯದಲ್ಲಿತ್ತು. ನಮ್ಮ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ಆ ನೆಲ ಏಕೀಕರಣದಲ್ಲಿ ಕನ್ನಡನಾಡಿಗೆ ಸೇರುವ ಮೊದಲೇ ಅಲ್ಲಿನ ಕಲ್ಲು ಮುಂಬೈ ಸೇರಿಯಾಗಿತ್ತು! ಅದೇ ಭೀಮಾ ತೀರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಬೌದ್ಧ ಸ್ತೂಪವೊಂದು ಬೆಳಕಿಗೆ ಬಂತು. ಅಶೋಕನ ಹೆಸರು ಬರೆದಿರುವ ಅಲ್ಲಿನ ಶಿಲ್ಪವೂ ಸುಣ್ಣದ ಕಲ್ಲಿನದೇ. ಚಕ್ರವರ್ತಿಗೂ ಬಚ್ಚಲಿಗೂ ಒಂದೇ ಜಾತಿಯ ಕಲ್ಲು ನೋಡಿ.

ಕಡಪ ಕಲ್ಲೂ ಸುಣ್ಣದ ಕಲ್ಲೇ, ಆದರೆ ಬಣ್ಣ ಕಪ್ಪು. ಎಣ್ಣೆ, ಮಸಿ ಬಿದ್ದರೆ ಎದ್ದು ಕಾಣದು. ಅಗ್ಗ, ನೀರಿಗೂ ಜಗ್ಗದು. ಹಾಗಾಗಿ ಚಾಳಿನ ಖೋಲಿಯಿಂದ ಹೌಸಿಂಗ್ ಸೊಸೈಟಿಯ ಫ್ಲ್ಯಾಟ್‌ವರೆಗೆ ಕಟ್ಟೆ ಮೇಲೆ ಕಡಪವೇ ಕೂತಿತು. ದೆಹಲಿ ಕಡೆಯ ಮಿತ್ರರಿಗೆ ಅದೇ ಕೆಲಸವನ್ನು ರಾಜಸ್ಥಾನದ ಕೋಟಾ ಕಲ್ಲು ಮಾಡಿಕೊಟ್ಟಿತು.

ಆದರೆ ಸುಣ್ಣದ ಕಲ್ಲಿಗೂ ಹುಳಿಗೂ ಆಗಿಬರದು. ನಿಂಬೆರಸ, ಹುಣಸೆ ನೀರು, ಮೊಸರು ಬಿದ್ದು ಹಾಗೇ ಒಣಗಿದರೆ ಕಲ್ಲಿನ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ಅದು ಉಜ್ಜಿದರೆ ಹೋಗುವ ಕೊಳೆಯಲ್ಲ, ಕಲ್ಲೇ ಕರಗಿದ ಗುರುತು. ಶ್ರೀಮಂತರ ಅಮೃತಶಿಲೆಗೂ ಇದೇ ಕಾಯಿಲೆ. ಸಾರು, ಹುಳಿ, ಗೊಜ್ಜು ಮಾಡುವ ನಮ್ಮ ಅಡುಗೆಮನೆಗೆ ಬಿಳಿ ಮಾರ್ಬಲ್ ಯಾಕೆ ಒಗ್ಗಲಿಲ್ಲ ಅನ್ನೋದಕ್ಕೆ ಕಾರಣ ಇದೇ. ಮಲೆನಾಡಿನ ಅಜ್ಜಿಯರಿಗೆ ಈ ಪಾಠ ಮೊದಲೇ ಗೊತ್ತಿತ್ತು. ಉಪ್ಪಿನಕಾಯಿ, ಹುಳಿ ಪದಾರ್ಥ ಇಡುತ್ತಿದ್ದ ಕಲ್ಲುಮರಿಗೆ ಬಳಪದ ಕಲ್ಲಿನದು. ಹೊಯ್ಸಳ ಶಿಲ್ಪಿಗಳು ಬೇಲೂರು, ಹಳೇಬೀಡಿನಲ್ಲಿ ಕೆತ್ತಿದ್ದೂ ಬಳಪದ ಕಲ್ಲನ್ನೇ. ಮೆತ್ತಗಿರುವುದರಿಂದ ಗೀರು ಬೀಳುತ್ತದೆ, ಆದರೆ ಹುಳಿಗೂ ಬಿಸಿಗೂ ಹೆದರದು. ಅಮೆರಿಕದ ಹಳೆಯ ಮನೆಗಳಲ್ಲಿ ಸಿಂಕು, ಕಟ್ಟೆ ಎಲ್ಲ ಈ ಕಲ್ಲಿನಲ್ಲಿ ಮಾಡುತ್ತಿದ್ದರು.

ಹುಳಿಗೂ ಬಗ್ಗದ, ಸುಲಭಕ್ಕೆ ಗೀರೂ ಬೀಳದ ಕಲ್ಲು ಗ್ರಾನೈಟ್. ನಮ್ಮ ನಾಡಿನ ಬೆಟ್ಟ ಬೆಟ್ಟದಲ್ಲೂ ಇದ್ದ ಈ ಕಲ್ಲು ಅಡುಗೆಮನೆಗೆ ತಡವಾಗಿ ಬರಲು ಅದರ ಗಟ್ಟಿತನವೇ ಕಾರಣ. ವಜ್ರದ ಹಲ್ಲಿನ ಗರಗಸಗಳು ಬಳಕೆಗೆ ಬಂದ ಮೇಲಷ್ಟೇ ಎರಡು ಸೆಂಟಿಮೀಟರ್ ದಪ್ಪದ ಹಲಗೆ ಕೈಗೆಟುಕುವ ಬೆಲೆಗೆ ಸಿಕ್ಕಿತು. ಸೀರೆಗೆ ಹೆಸರಾದ ಇಳಕಲ್ಲಿನಿಂದ ಕೆಂಪು, ಚಾಮರಾಜನಗರದಿಂದ ಕಪ್ಪು. ಅಂದಹಾಗೆ ಅಂಗಡಿಯ ‘ಬ್ಲ್ಯಾಕ್ ಗ್ರಾನೈಟ್’ ಭೂವಿಜ್ಞಾನಿಯ ಲೆಕ್ಕದಲ್ಲಿ ಗ್ರಾನೈಟ್ ಅಲ್ಲ, ಹೆಚ್ಚಾಗಿ ಡೋಲೆರೈಟ್ ಎಂಬ ಬೇರೆ ಕಲ್ಲು. ಬೆಂಗಳೂರಿನ ಹತ್ತಿರದ ಜಿಗಣಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಊರಾಗಿ ಬೆಳೆದದ್ದು ಈ ವ್ಯಾಪಾರದಿಂದ.

ಇತ್ತ ಕಾರ್ಖಾನೆಗಳೂ ಸುಮ್ಮನಿರಲಿಲ್ಲ. 1912ರಲ್ಲಿ ಅಮೆರಿಕದ ಇಬ್ಬರು ಎಂಜಿನಿಯರುಗಳು ವಿದ್ಯುತ್ ತಡೆಗೆ ಬಳಸುವ ಮೈಕಾ ಬದಲಿಗೆ ಒಂದು ಹಾಳೆ ಮಾಡಿದರು. ‘ಫಾರ್ ಮೈಕಾ’ ಅನ್ನೋದೇ ಫಾರ್ಮೈಕಾ ಆಯಿತು. ನಮ್ಮಲ್ಲಿ ಸನ್‌ಮೈಕಾ ಅಂದರೆ ಎಲ್ಲರಿಗೂ ಗೊತ್ತು. ಕಪಾಟಿಗೆ ಚೆಂದ, ಆದರೆ ಅಂಚಿನಲ್ಲಿ ನೀರು ಇಳಿದರೆ ಒಳಗಿನ ಹಲಗೆ ಉಬ್ಬುತ್ತದೆ. 1967ರಲ್ಲಿ ಡುಪಾಂಟ್ ಕಂಪನಿ ಅಕ್ರಿಲಿಕ್ ಮತ್ತು ಖನಿಜದ ಪುಡಿ ಸೇರಿಸಿ ಕೋರಿಯನ್ ತಯಾರಿಸಿತು. ಜೋಡಣೆ ಕಾಣದು, ಗೀರು ಬಿದ್ದರೆ ಉಜ್ಜಿ ಸರಿ ಮಾಡಬಹುದು. ಬಚ್ಚಲಮನೆಯ ವಾಶ್‌ಬೇಸಿನ್ ಸುತ್ತ ಒಪ್ಪುತ್ತದೆ, ಒಲೆಯಿಂದ ಇಳಿಸಿದ ಬಾಣಲೆಗೆ ಮಾತ್ರ ಒಪ್ಪದು.

ಕೊನೆಗೆ ಬಂದದ್ದು ಈಗ ಎಲ್ಲರೂ ಕೇಳುವ ಕ್ವಾರ್ಟ್ಜ್. ಇಟಲಿಯ ಬ್ರೆಟನ್ ಕಂಪನಿಯ ಯಂತ್ರಗಳಿಂದ ಶುರುವಾದ ವಿದ್ಯೆ ಇದು. ಬಿಳಿಕಲ್ಲಿನ ಪುಡಿಗೆ ರೆಸಿನ್ ಕಲಸಿ ಒತ್ತಿ ಮಾಡಿದ ಹಲಗೆ. ಕಲೆ ಹಿಡಿಯದು, ಬಣ್ಣ ಬೇಕಾದ್ದು ಸಿಗುತ್ತದೆ. ಆದರೆ ಸಾಮಾನ್ಯವಾಗಿ ಅದರಲ್ಲಿ ಶೇಕಡಾ 90ರಷ್ಟು ಸಿಲಿಕಾ. ಸಾಧಾರಣ ಗ್ರಾನೈಟಿನಲ್ಲಿ ಇದರ ಅರ್ಧವೂ ಇರುವುದಿಲ್ಲ, ಸುಣ್ಣದ ಕಲ್ಲಿನಲ್ಲಿ ಇನ್ನೂ ಕಡಿಮೆ. ಕಟ್ಟೆಯಾಗಿ ಕೂತ ಮೇಲೆ ಮನೆಯವರಿಗೆ ಇದರಿಂದ ತೊಂದರೆ ಇಲ್ಲ. ಸಿಂಕಿಗೆ ತೂತು ಕೊರೆಯುವಾಗ, ಅಂಚು ಉಜ್ಜುವಾಗ ಏಳುವ ನುಣ್ಣನೆ ಧೂಳು ಕೆಲಸಗಾರನ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ.

ಈ ಹೆಸರು ಕನ್ನಡನಾಡಿಗೆ ಹೊಸದೇನಲ್ಲ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ 1940ರ ದಶಕದಲ್ಲೇ ವೈದ್ಯರು ಇದನ್ನು ದಾಖಲಿಸಿದ್ದರು. ನಾವು ಶಾಲೆಯಲ್ಲಿ ಬರೆದ ಸ್ಲೇಟ್ ಕಡ್ಡಿ ಕೊಯ್ಯುತ್ತಿದ್ದ ಮಧ್ಯಪ್ರದೇಶದ ಮಂದಸೌರಿನ ಕೆಲಸಗಾರರನ್ನೂ ಇದು ಬಿಡಲಿಲ್ಲ. ಇಸ್ರೇಲಿನಲ್ಲಿ ಕ್ವಾರ್ಟ್ಜ್ ಕಟ್ಟೆ ಕೊಯ್ಯುತ್ತಿದ್ದವರಿಗೆ ಶ್ವಾಸಕೋಶವನ್ನೇ ಬದಲಿಸಬೇಕಾಗಿ ಬಂದ ಪ್ರಕರಣಗಳು 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದವು. ಆಸ್ಟ್ರೇಲಿಯಾದಲ್ಲಿ ವಯಸ್ಸಿನ ಹುಡುಗರೇ ಹಾಸಿಗೆ ಹಿಡಿದಾಗ ಅಲ್ಲಿನ ಸರ್ಕಾರ 2024ರ ಜುಲೈ 1ರಿಂದ ಈ ಹಲಗೆಯನ್ನೇ ನಿಷೇಧಿಸಿತು. ಇಡೀ ದೇಶವೊಂದು ಹೀಗೆ ಮಾಡಿದ್ದು ಅದೇ ಮೊದಲು.

ಹಾಗಾದರೆ ಏನು ಹಾಕಿಸೋದು? ನಿಮ್ಮ ಹಳೇ ಕಡಪ ಗಟ್ಟಿಯಾಗಿದ್ದರೆ, ಪಾಲಿಶ್ ಮಾಡಿಸಿ ಇನ್ನೊಂದು ಹತ್ತು ವರ್ಷ ಬಳಸೋದೂ ಒಂದು ಆಯ್ಕೆಯೇ. ಬದಲಿಸಲೇಬೇಕು ಅಂದರೆ ನನ್ನ ವೋಟು ಕಪ್ಪು ಗ್ರಾನೈಟಿಗೆ. ಹುಳಿ, ಬಿಸಿ ಎರಡನ್ನೂ ತಡೆಯುತ್ತದೆ, ಡೋಲೆರೈಟ್ ಆಗಿದ್ದರೆ ಸಿಲಿಕಾ ಧೂಳೂ ಕಡಿಮೆ. ಕ್ವಾರ್ಟ್ಜೇ ಬೇಕು ಅನ್ನುವವರು, ಅಷ್ಟೇ ಏಕೆ, ಯಾವ ಕಲ್ಲು ತರುವವರೂ ಅಂಗಡಿಯವನಿಗೆ ಒಂದು ಮಾತು ಹೇಳಿ: “ಅಳತೆ ತಗೊಂಡು ಹೋಗಿ ನಿಮ್ಮ ವರ್ಕ್‌ಶಾಪಲ್ಲೇ ನೀರು ಬಿಟ್ಟು ಕೊಯ್ಸಿ. ನಮ್ಮ ಬಾಲ್ಕನಿಯಲ್ಲಿ ಒಣ ಗ್ರೈಂಡರ್ ಬೇಡ.” ಮನೆಯಲ್ಲಿ ಏನಾದರೂ ಉಜ್ಜಲೇಬೇಕಾದರೆ ಹುಡುಗನ ಮುಖದ ಮೇಲೆ ಸರಿಯಾದ ಮಾಸ್ಕ್ ಇದೆಯಾ ನೋಡಿ. ಮೂಗಿಗೆ ಕರ್ಚೀಫ್ ಕಟ್ಟಿದರೆ ಆ ಧೂಳು ನಿಲ್ಲುವುದಿಲ್ಲ. ಚಹಾ ಕೊಡುವಾಗ ಊರು ಯಾವುದು ಅಂತಲೂ ಕೇಳಿ. ಯಾರಿಗೆ ಗೊತ್ತು, ಆ ರೈಲುದಾರಿಯ ಪಕ್ಕದವನೇ ಇರಬಹುದು!

ನಿಮ್ಮ ಮನೆಯಲ್ಲಿ ಈ ಕಟ್ಟೆಗೆ ಏನಂತೀರಿ, ಮೇಲಿರುವ ಕಲ್ಲು ಯಾವುದು? ಎರಡು ಸಾಲು ಬರೆದು ಕಳಿಸಿ, ಹಾಡುಗಳ ನಡುವೆ ಓದುತ್ತೇನೆ.