ಸಂಜೆ ಐದರ ಪ್ರಶ್ನೆಗಳು

2020ರ ವಸಂತದಲ್ಲಿ ಪಿನ್ನರಿನ ನಮ್ಮ ಮನೆಗಳಲ್ಲಿ ಸಂಜೆ ಐದು ಗಂಟೆಯೆಂದರೆ ಟಿ.ವಿ.ಯ ಮುಂದೆ ಕೂರುವ ಹೊತ್ತು. ಮಾರ್ಚ್ 16ರಂದು ಡೌನಿಂಗ್ ಸ್ಟ್ರೀಟಿನಲ್ಲಿ ಆರಂಭವಾದ ಕೊರೋನಾ ಕುರಿತ ದೈನಂದಿನ ಪತ್ರಿಕಾಗೋಷ್ಠಿ ಜೂನ್ 23ರವರೆಗೆ ನಡೆಯಿತು. ಮೊದಲ ವಾರದಲ್ಲಿಯೇ ನೆರೆಯ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ತೀವ್ರ ನಿಗಾ ಘಟಕ ತುಂಬಿಹೋಗಿತ್ತು. ಆದುದರಿಂದ ಆ ಗೋಷ್ಠಿ ನಮಗೆ ದೂರದ ರಾಜಕಾರಣವಾಗಿರಲಿಲ್ಲ.

ಸಚಿವರ ಪಕ್ಕದಲ್ಲಿ ಕ್ರಿಸ್ ವಿಟ್ಟಿ, ಪ್ಯಾಟ್ರಿಕ್ ವ್ಯಾಲೆನ್ಸ್ ಅವರಂತಹ ತಜ್ಞರು. ಎದುರಿನ ಪರದೆಯ ಮೇಲೆ ಪತ್ರಕರ್ತರು. ಪರೀಕ್ಷೆಗಳೆಷ್ಟು? ರಕ್ಷಣಾ ಉಡುಪುಗಳೆಲ್ಲಿ? ಕೇರ್ ಹೋಮ್‌ಗಳಲ್ಲಿ ಸತ್ತವರೆಷ್ಟು? ಕೇಳಿದ್ದನ್ನೇ ಕೇಳುತ್ತಿದ್ದರು. ನೋಡುವವರಲ್ಲಿ ಎರಡು ಪಂಗಡ. "ಮನೆಗೆ ಬೆಂಕಿ ಬಿದ್ದಾಗ ಲೆಕ್ಕ ಕೇಳುವುದೇ?" ಎಂದಿತು ಒಂದು. "ಇವರೂ ಕೇಳದಿದ್ದರೆ ಇನ್ನಾರು ಕೇಳಬೇಕು?" ಎಂದಿತು ಇನ್ನೊಂದು. ವೈದ್ಯರಾದ ನಾವು ಮೊದಲ ಪಂಗಡದಲ್ಲಿದ್ದೆವೆಂದು ಒಪ್ಪಿಕೊಳ್ಳಬೇಕು. ದುಡಿದು ದಣಿದು ಬಂದವರಿಗೆ ಆ ಪ್ರಶ್ನೆಗಳು ಕುಹಕವೆನಿಸುತ್ತಿದ್ದವು.

ಏಪ್ರಿಲ್ 27ರಂದು ಸಾರ್ವಜನಿಕರಿಗೂ ಪ್ರಶ್ನಿಸುವ ಅವಕಾಶ ದೊರೆಯಿತು. ಮೊದಲ ಪ್ರಶ್ನೆ ಅಜ್ಜಿಯೊಬ್ಬರದು. ಮೊಮ್ಮಕ್ಕಳನ್ನು ಕಾಣಲು ಅವರು ಹಂಬಲಿಸುತ್ತಿದ್ದರು. ನಮ್ಮ ಕಣ್ಣುಗಳೂ ತೇವಗೊಂಡವು. ಬೆಂಗಳೂರು, ಧಾರವಾಡಗಳಲ್ಲಿ ಕಾಯುತ್ತಿದ್ದ ನಮ್ಮ ಅಮ್ಮಂದಿರ ಪ್ರಶ್ನೆಯೂ ಅದೇ. ಪತ್ರಕರ್ತರೇಕೆ ಹೀಗೆ ಕೇಳಲಾರರು ಎಂದುಕೊಂಡೆವು.

ಎರಡೇ ದಿನಗಳಲ್ಲಿ ಉತ್ತರ ದೊರೆಯಿತು. ಇಂಗ್ಲೆಂಡಿನ ದೈನಂದಿನ ಲೆಕ್ಕದಲ್ಲಿ ಅದುವರೆಗೆ ಆಸ್ಪತ್ರೆಯ ಸಾವುಗಳು ಮಾತ್ರ ಸೇರುತ್ತಿದ್ದವು. ಏಪ್ರಿಲ್ 29ರಂದು, ಸೋಂಕು ದೃಢಪಟ್ಟು ಕೇರ್ ಹೋಮ್‌ಗಳಲ್ಲಿ, ಮನೆಗಳಲ್ಲಿ ತೀರಿಕೊಂಡವರನ್ನೂ ಸೇರಿಸಿದಾಗ 3,811 ಸಾವುಗಳು ಹೊಸದಾಗಿ ಪಟ್ಟಿಗೆ ಬಂದವು. ದೇಶದ ಒಟ್ಟು ಸಂಖ್ಯೆ 26,097ಕ್ಕೇರಿತು. ಲೆಕ್ಕಕ್ಕೆ ಸಿಗದೆ ಹೋದವರಲ್ಲಿಯೂ ಎಷ್ಟೋ ಅಜ್ಜಿಯರಿದ್ದರು. ಈ ಬದಲಾವಣೆ ಪತ್ರಕರ್ತರೊಬ್ಬರಿಂದಲೇ ಆದುದಲ್ಲ. ಆದರೆ ಆ ಸಾವುಗಳನ್ನು ಮರೆಯಗೊಡದವರಲ್ಲಿ ಅವರೂ ಇದ್ದರು.

ಮರುವರ್ಷ ಮೇ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸಾವಿಗೀಡಾದ ಸುದ್ದಿ ಬಂದಿತು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂದು ಸರ್ಕಾರದ ಕಡೆಯಿಂದ ಮೊದಲು ಹೇಳಲಾಯಿತು. ಪತ್ರಕರ್ತರು ಬಿಡದೆ ಕೇಳಿದರು. ಉಚ್ಚ ನ್ಯಾಯಾಲಯ ನೇಮಿಸಿದ ಸಮಿತಿ ವಿಚಾರಣೆ ನಡೆಸಿತು. ಇದು ಲೆಕ್ಕ ಕೇಳುವ ಹೊತ್ತಲ್ಲವೆಂದು ಪಿನ್ನರಿನಲ್ಲಿ ಕುಳಿತ ನಾವು ಅಂದು ಹೇಳಲಿಲ್ಲ. ಇನ್ನೂ ಕೇಳಲಿ ಎಂದೆವು. ಸತ್ತವರು ನಮ್ಮವರಾಗಿದ್ದರು.

ರೋಗಿಯನ್ನು ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಕೇಳಬೇಕೆಂಬುದು ನಮ್ಮ ವೃತ್ತಿಯ ಮೊದಲ ಪಾಠಗಳಲ್ಲೊಂದು. ಅದನ್ನೇ ಬೇರೆಯವರು ಮಾಡಿದಾಗ ನಾವು ಕುಹಕವೆಂದು ಕರೆದೆವು.